ಯಜಮಾನರ ಕುಡಿತ

ಟೈಲರಕ್ಕನ ಗಂಡ ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಕೆಮ್ಮಿನ ಔಷಧಿ ಒಂದು ಚಮಚ ಕುಡಿದರೂ ಗೋಡೆ ಹಿಡಿದುಕೊಂಡು ನಡೆಯುವ ಪ್ರಾಣಿ. ಲೈಬ್ರರಿಯಲ್ಲಿ ಅಟೆಂಡರ್ ಕೆಲಸ. ಮೂವತ್ತು ವರ್ಷ ಎಲ್ಲರ ಬಾಯಿ ಮುಚ್ಚಿಸಿ ಮುಚ್ಚಿಸಿ ಕೊನೆಗೆ ತಾವೇ ಮಾತು ಮರೆತಿದ್ದರು. ಇಂಥವರನ್ನು ಹತ್ತಾರು ಜನ ಎರಡು ವಾರದಿಂದ ಮಹಾ ಕುಡುಕರೆಂದು ನಂಬಿಕೊಂಡಿದ್ದರು. ನಂಬಿಸಿದವಳು ಸ್ವತಃ ಧರ್ಮಪತ್ನಿ.

ಕುಡಿಯುತ್ತಿದ್ದವಳು ಅವಳು. ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಗಳು ಅವಳ ಹೊಲಿಗೆ ಅಂಗಡಿಯಲ್ಲಿ ಎರಡಿದ್ದವು. ಒಂದು ಇಸ್ತ್ರಿಗೆ, ಇನ್ನೊಂದು ಅವಳಿಗೆ. ಒಮ್ಮೆ ಎರಡೂ ಅದಲುಬದಲಾಗಿ, ವಕೀಲರೊಬ್ಬರು ತಮ್ಮ ಪ್ಯಾಂಟನ್ನು ಮೂಸಿದರು, ಮತ್ತೊಮ್ಮೆ ಮೂಸಿದರು, ದುಡ್ಡು ಕೊಟ್ಟು ಹೋದರು. ಈಗ ಈ ಕಥೆ ಹೇಳುತ್ತಾ ಅವಳೇ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆಗ ನಗುವ ಸ್ಥಿತಿ ಇರಲಿಲ್ಲ. ಮಗಳು ತನ್ನ ಮೂರು ವರ್ಷದ ಕೂಸನ್ನು ಅಜ್ಜಿಯ ಅಂಗಡಿಗೆ ಕರೆತರುವುದನ್ನೇ ನಿಲ್ಲಿಸಿದ್ದಳು.

“ಇವತ್ತೇ ಬಿಟ್ಟುಬಿಡು ಅಂತ ಹೇಳ್ತಿಲ್ಲ ಅಮ್ಮ,” ಎಂದಿದ್ದಳು ಮಗಳು. “ಕುಡೀತೀನಿ ಅಂತ ನಿನ್ನ ಬಾಯಲ್ಲೇ ಒಂದ್ಸಲ ಹೇಳು. ಆಮೇಲೆ ಮಗೂನ ಕರ್ಕೊಂಡು ಬರೋ ಮಾತು.”

“ಯಾರು? ನಾನಾ? ಕುಡಿಯೋದಾ?” ಎಂದು ಟೈಲರಕ್ಕ ಹಾರಾಡಿದಳು. ಬೀದಿಗೆಲ್ಲ ಕೇಳುವಂಥ ಬಾಯಿ ಅವಳದು. ಆ ಒಂದು ಮಾತು ಮಾತ್ರ ಗಂಟಲು ದಾಟುತ್ತಿರಲಿಲ್ಲ. ಮೊಮ್ಮಗಳಿಲ್ಲದ ಅಂಗಡಿಯಲ್ಲಿ ದಿನ ದೂಡುವುದು ಅವಳಿಗೆ ಸಾಕುಸಾಕಾಗಿತ್ತು.

ಒಂದು ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ಕೊಡಲು ಲೈಬ್ರರಿಗೆ ಹೋದಾಗ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಕಣ್ಣಿಗೆ ಬಿತ್ತು. ಕುಡಿತ ಬಿಡಬೇಕೆನ್ನುವವರ ಸಭೆ, ಪ್ರತಿ ಗುರುವಾರ ಸಂಜೆ ಆರಕ್ಕೆ, ಮನೆಯವರೂ ಬರಬಹುದು. ಹರಿದುಕೊಂಡು ಹೋಗಲೆಂದು ಕೆಳಗೆ ಫೋನ್ ನಂಬರಿನ ಚೀಟಿಗಳ ಸಾಲು. ಹರಿಯುವುದು ಟೈಲರುಗಳ ಜಾಯಮಾನವಲ್ಲ. ಅತ್ತಿತ್ತ ನೋಡಿ, ಬ್ಯಾಗಿನಿಂದ ಕತ್ತರಿ ತೆಗೆದು, ಒಂದು ಚೀಟಿಯನ್ನು ನೆಟ್ಟಗೆ ಕತ್ತರಿಸಿಕೊಂಡಳು.

ಫೋನ್ ಎತ್ತಿದವರು ಸಭೆ ನಡೆಸುವ ನಿವೃತ್ತ ಬಸ್ ಡ್ರೈವರ್. “ಯಾರಿಗಮ್ಮಾ?” ಎಂದರು.

“ನಮ್ಮ ಯಜಮಾನ್ರಿಗೆ,” ಎಂದು ಅವಳ ನಾಲಿಗೆ ತಾನಾಗಿಯೇ ಹೊರಳಿತು.

“ಕರ್ಕೊಂಡು ಬನ್ನಿ.”

“ಅವರು ಜಪ್ಪಯ್ಯ ಅಂದ್ರೂ ಬರಲ್ಲ ಸಾರ್. ಮೊದಲು ನಾನೇ ಬಂದು ನೋಡ್ತೀನಿ.”

ಸಭೆ ಇದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ, ಡ್ಯಾನ್ಸ್ ಕ್ಲಾಸು ನಡೆಯುವ ಕೋಣೆಯಲ್ಲಿ. ಮೊದಲ ಗುರುವಾರ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಳು. “ಹಲ್ಲು ನೋವಾ?” ಎಂದು ಕ್ಲಿನಿಕ್ಕಿನ ಹುಡುಗಿ ಕೇಳಿದಳು. ಹೌದೆಂದುಬಿಟ್ಟಳು ಪುಣ್ಯಾತ್ಗಿತ್ತಿ! ಟೋಕನ್ ಹಿಡಿದು ಕಾಲು ಗಂಟೆ ಕೂತಳು. ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳಿದ ಮೇಲೆ ಅವಳಿಗೆ ಮೇಲಿನ ಮಹಡಿಯೇ ವಾಸಿ ಅನ್ನಿಸಿತು.

ಅಳುಮುಂಜಿಗಳ ಸಂತೆ ಇರುತ್ತದೆ ಎಂದುಕೊಂಡು ಹೋದವಳಿಗೆ ಕಂಡದ್ದು ಚಹಾ, ಬಿಸ್ಕತ್ತು, ಗೊಳ್ಳೆಂಬ ನಗು. ಒಬ್ಬೊಬ್ಬರೂ ತಮ್ಮ ಅವಾಂತರವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಟೈಲರಕ್ಕನ ಸರದಿ ಬಂದಾಗ ಅವಳೂ ಹೇಳಿದಳು, ಯಜಮಾನರ ಲೆಕ್ಕದಲ್ಲಿ. ಎರಡನೇ ವಾರ ಯಜಮಾನರು ಬಾಟಲಿ ಬಚ್ಚಿಡುವ ಜಾಗಗಳು, ಬಾಯಿ ವಾಸನೆಗೆ ಅಗಿಯುವ ಲವಂಗ, ಬೆಳಗಿನ ಕೈ ನಡುಕ, ಎಲ್ಲ ಸಾಂಗವಾಗಿ ವರ್ಣಿಸಿದಳು. ಎದೆ ಎಷ್ಟು ಹಗುರಾಯಿತೆಂದರೆ ಆ ಶುಕ್ರವಾರ ಅವಳು ತನ್ನ ಬಾಟಲಿ ಮುಟ್ಟಲೇ ಇಲ್ಲ.

ಮೂರನೇ ಗುರುವಾರ ಮನೆಯಿಂದಲೇ ಸಭೆಗೆ ಹೊರಟವಳು ಅಂಗಡಿಯ ಬೀಗದ ಕೈಯನ್ನು ಅಲ್ಲೇ ಮರೆತಳು. ಅದನ್ನು ಕೊಡಲು ಗಂಡ ನೇರ ಸಭೆಗೇ ಬಂದರು. ನೋಟಿಸ್ ಬೋರ್ಡಿಗೆ ಆ ಹಾಳೆ ಅಂಟಿಸಿದವರೇ ಅವರು. ಚೀಟಿಯ ಜಾಗದಲ್ಲಿ ಕತ್ತರಿಯ ನೆಟ್ಟನೆಯ ಗೆರೆ ಕಂಡ ದಿನವೇ ಹೆಂಡತಿ ಎಲ್ಲಿಗೆ ಹೋಗುತ್ತಾಳೆಂದು ಅವರಿಗೆ ತಿಳಿದಿತ್ತು.

“ಟೈಲರಮ್ಮನ ಯಜಮಾನ್ರು ನಾನು,” ಎಂದು ಬಾಗಿಲಲ್ಲಿ ಹೇಳಿದ್ದೇ ತಡ, ಹನ್ನೊಂದು ಜನ ಎದ್ದು ಚಪ್ಪಾಳೆ ತಟ್ಟಿದರು. ಡ್ರೈವರ್ ಓಡಿ ಬಂದು ತಬ್ಬಿಕೊಂಡರು. “ಅಂತೂ ಬಂದ್ರಲ್ಲ ಸ್ವಾಮಿ! ಇದಕ್ಕೆ ಎಂಟೆದೆ ಬೇಕು!”

ಅವರು ಹೆಂಡತಿಯತ್ತ ನೋಡಿದರು. ಟೈಲರಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ಹೋಗಿ ಖಾಲಿ ಕುರ್ಚಿಯಲ್ಲಿ ಕೂತರು.

“ಎಷ್ಟು ದಿನದಿಂದ ಸ್ವಾಮಿ?”

“ನಾಲ್ಕು ವರ್ಷ ಆಯ್ತು,” ಎಂದರು ತಲೆ ತಗ್ಗಿಸಿ. “ಮೊದಮೊದಲು ಸಂಜೆ ಮಾತ್ರ. ಹೋದ ವರ್ಷದಿಂದ ಬೆಳಿಗ್ಗೇನೇ.”

ಟೈಲರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ದಿನವೂ ಹೆಚ್ಚುಕಮ್ಮಿ ಇರಲಿಲ್ಲ. ಈ ಮೌನಿಬಾಬಾ ಎಲ್ಲ ನೋಡಿಕೊಂಡೇ ಇದ್ದರು.

“ಯಾಕೆ ಶುರು ಮಾಡಿದ್ರಿ?”

“ಅದೊಂದು ಗೊತ್ತಿಲ್ಲ,” ಎಂದರು ಅವರು. “ಕೇಳ್ಬೇಕು ಅಂತ ಎಷ್ಟೋ ಸಲ ಅನ್ಕೊಂಡೆ. ಧೈರ್ಯ ಬರ್ಲಿಲ್ಲ.”

ಡ್ರೈವರ್ ಕಕ್ಕಾಬಿಕ್ಕಿಯಾದರು. ತನ್ನನ್ನು ತಾನೇ ಕೇಳಿಕೊಳ್ಳಲು ಧೈರ್ಯ ಯಾಕೆ? ಅಷ್ಟರಲ್ಲಿ ಟೈಲರಕ್ಕ ಎದ್ದು ನಿಂತಿದ್ದಳು.

“ಅವರನ್ನ ಬಿಟ್ಬಿಡಿ ಸಾರ್. ಅವರು ಅದರ ವಾಸನೇನೂ ನೋಡಿಲ್ಲ. ಕುಡಿಯೋದು ನಾನು.”

ಮೂಲೆಯಲ್ಲಿ ಕೂತಿದ್ದ, ತಾನೂ ಕುಡಿತ ಬಿಡಲು ಬರುತ್ತಿದ್ದ ನರ್ಸೊಬ್ಬಳು ನಕ್ಕಳು. “ಅಕ್ಕಾ, ಮೊದಲ ಗುಟುಕು ಎದೆಗೆ ಇಳಿಯೋವಾಗ ನಿಮ್ಮ ಯಜಮಾನ್ರಿಗೆ ಹೇಗಾಗುತ್ತೆ ಅಂತ ಹೋದ ವಾರ ಹೇಳಿದ್ರಲ್ಲ, ನನಗೆ ಆಗ್ಲೇ ಗೊತ್ತಾಯ್ತು. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ.”

“ನನಗೆ ಗೊತ್ತಾಗ್ಲಿಲ್ವಲ್ಲ!” ಎಂದು ಡ್ರೈವರ್ ಹಣೆ ಚಚ್ಚಿಕೊಂಡರು. ಎಲ್ಲರೂ ಬಿದ್ದುಬಿದ್ದು ನಕ್ಕರು. ಟೈಲರಕ್ಕ ನಗುತ್ತಲೇ ಅತ್ತಳು. ಗಂಡ ಎರಡು ಬಿಸ್ಕತ್ತು ತಿಂದರು.

ಮೆಟ್ಟಿಲಿಳಿಯುವಾಗಲೇ ಅವಳು ಮಗಳಿಗೆ ಫೋನ್ ಮಾಡಿದಳು. “ನಾನು ಕುಡೀತೀನಿ ಕಣೇ. ಇವತ್ತು ಎಲ್ಲರ ಮುಂದೆ ಹೇಳ್ದೆ. ನಿನಗೇ ಮೊದಲು ಹೇಳ್ಬೇಕಿತ್ತು.”

ಆ ಕಡೆ ಮಗಳು ಮೂಗು ಸೀಟಿಕೊಂಡದ್ದು ಕೇಳಿಸಿತು.

“ಸೋಮವಾರ ಅಂಗಡಿ ಎಷ್ಟು ಗಂಟೆಗೆ ತೆಗೀತೀಯಾ?”

“ಒಂಬತ್ತಕ್ಕೆ.”

“ಮಗೂನ ಕರ್ಕೊಂಡು ಬರ್ತೀನಿ. ಆದ್ರೆ ಬಿಟ್ಟು ಹೋಗಲ್ಲ ಅಮ್ಮ. ನಾನೂ ಅಲ್ಲೇ ಕೂತಿರ್ತೀನಿ.”

“ಕೂತ್ಕೋ,” ಎಂದಳು ಟೈಲರಕ್ಕ. “ಎಷ್ಟು ದಿನ ಬೇಕಾದ್ರೂ ಕೂತ್ಕೋ.”