ಗೌತಮ ಸರ್ ದಾರಿ ಬಿಟ್ಟರೆ

ಇಂಗ್ಲಿಷಿನ ‘ರನ್’ ಎಂಬ ಒಂದೇ ಕ್ರಿಯಾಪದದ ಮೇಲೆ ಗೌತಮ ಸರ್ ಎರಡು ವಾರ ಪಾಠ ಮಾಡಬಲ್ಲರು. ಆ ಕ್ರಿಯೆಯನ್ನು ಮಾತ್ರ ಕಾಲೇಜು ಬಿಟ್ಟ ಮೇಲೆ ಮಾಡಿರಲಿಲ್ಲ. ಮನೆ ಹತ್ತಿರದ ಅಮರಗೋಳ ಸ್ಟಾಪಿನಲ್ಲಿ ಕಣ್ಣೆದುರಿಗೇ ಬಸ್ಸು ಹೊರಟರೂ ನಿಂತು ನೋಡುತ್ತಾರೆ. “ಓಡೂದು ಬಸ್ಸಿನ ಕೆಲಸರಿ” ಎನ್ನುತ್ತಾರೆ.

ದೇಶಪಾಂಡೆ ನಗರದ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಪೊಲೀಸ್ ಮತ್ತು ಅರೆಸೇನಾ ಪಡೆಗಳ ನೇಮಕಾತಿಗೆ ತಯಾರಿ ಕೊಡುವ ಕೋಚಿಂಗ್ ಸೆಂಟರ್ ಇದೆ. ಗೌತಮ ಅಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಅದರ ಕೆಳಗಿನ ಗುಂಡಿಗಳಿಗೆ ಬಿಡುವು ಕೊಡದ ಹೊಟ್ಟೆ.

“ನಮ್ಮಲ್ಲಿ ಅಂಗಡಿ ನಡೀತೈತಿ, ನಳ ಸುರೀತೈತಿ, ಸೀರಿ ಬಣ್ಣ ಬಿಡತೈತಿ, ಮೂಗು ಸೋರತೈತಿ. ಇಂಗ್ಲಿಷಿನ್ಯಾಗ ಇವೆಲ್ಲಾ ಓಡ್ತಾವು. ಚುನಾವಣಿಗೆ ನಾವು ನಿಲ್ತೀವಿ, ಅಮೆರಿಕಾದಾಂವ ಓಡ್ತಾನ. ಗೆದ್ದಮ್ಯಾಲ ಇಬ್ಬರೂ ಕುಂಡ್ರತಾರ.”

ಇಷ್ಟು ಹೇಳಿ ನಗುವಿಗಾಗಿ ಕಾದರೆ ಕೇಳುತ್ತಿದ್ದುದು ಗೊರಕೆ. ತಪ್ಪು ಪಾಠದ್ದಲ್ಲ, ವೇಳಾಪಟ್ಟಿಯದು. ನಸುಕಿನಲ್ಲಿ ಗಬ್ಬೂರ ಬೈಪಾಸ್ ಹತ್ತಿರದ ಮೈದಾನದಲ್ಲಿ ಮಾಜಿ ಸೈನಿಕ ಮಕಬೂಲಸಾಬರು ಎಲ್ಲರನ್ನೂ ಓಡಿಸುತ್ತಿದ್ದರು. ಅಲ್ಲಿಂದ ಬಂದವರಲ್ಲಿ ಅರ್ಧ ಜನ ರೂಮಿಗೆ ಹೋಗಿ ಮಲಗುತ್ತಿದ್ದರು, ಉಳಿದವರು ಇಂಗ್ಲಿಷ್ ಕ್ಲಾಸಿಗೆ ಬಂದು ಮಲಗುತ್ತಿದ್ದರು.

ಸೆಂಟರ್ ಮಾಲೀಕ ವಿಜಯೀಂದ್ರ ಒಂದು ದಿನ ಕರೆದರು. “ಗೌತಮ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕ್ಲಾಸಿನ್ಯಾಗ ಫ್ಯಾನ್ ಒಂದೇ ಎಚ್ಚರ ಇರ್ತದ. ತಿಂಗಳ ಕಡೀತನಕ ನೋಡ್ತೇನಿ. ಬೆಂಚು ತುಂಬಲಿಲ್ಲಂದ್ರ ವಿಡಿಯೊ ಪಾಠ ಹಾಕಿಬಿಡೂದು.”

“ಯಾರದ್ರಿ?”

“ದಿಲ್ಲಿಯಾಂವ ಯಾರೋ ಒಬ್ಬ. ಛಲೋ ಹೇಳ್ತಾನಂತ.”

ಇಷ್ಟು ವರ್ಷ ಹಿಡಿದಿದ್ದ ಸೀಮೆಸುಣ್ಣ ಕೈತಪ್ಪುವುದಕ್ಕಿಂತ, ಅದು ದಿಲ್ಲಿಯವನ ಪಾಲಾಗುವುದು ಅವರಿಗೆ ಹೆಚ್ಚು ಚುಚ್ಚಿತು. ಮರುದಿನ ಚರ್ಮದ ಬೂಟು ಹಾಕಿಕೊಂಡು ಮೈದಾನಕ್ಕೇ ಹೋದರು. ಬದಿಗೆ ನಿಂತು, ಓಡುವವರನ್ನು ಕೂಗಿ ಕರೆದರು. ಒಬ್ಬರೂ ನಿಲ್ಲಲಿಲ್ಲ.

“ಸರ, ಓಡಾವ್ರನ್ನ ನಿಂದ್ರಸೂ ಹಂಗಿಲ್ಲ,” ಎಂದರು ಮಕಬೂಲಸಾಬ. “ಮಾತಾಡೂದಿದ್ರ ನೀವೂ ಓಡಬೇಕು.”

ಆ ಮೈದಾನದಲ್ಲಿ ಇನ್ನೊಂದು ನಿಯಮವಿತ್ತು. ಮೈದಾನವನ್ನು ಸುತ್ತುವ ಓಟದ ಹಾದಿಯ ಒಂದು ಕಡೆ ಜಾಲಿಗಿಡ, ಇನ್ನೊಂದು ಕಡೆ ಗಟಾರ; ನಡುವೆ ಇಬ್ಬರಿಗೆ ಕಷ್ಟದಿಂದ ಆಗುವಷ್ಟು ಜಾಗ. ಮುಂದಿನವರನ್ನು ದಾಟುವವರು ‘ಬಾಜೂ’ ಎಂದು ಕೂಗಬೇಕು. ಮುಂದಿದ್ದವರು ಸರಿದು ದಾರಿ ಬಿಡಬೇಕು. ಗೌತಮ ಹಾದಿಗಿಳಿದರು. ಹಾದಿ ತುಂಬಿತು.

ಮೊದಲು ಬಂದವನು ಬ್ಯಾಚಿನಲ್ಲೇ ಜೋರಾಗಿ ಓಡುವ ನೀಲಪ್ಪ. “ಬಾಜೂರಿ ಸರ!”

“ರನ್ ಹಾಕಿ ಒಂದು ವಾಕ್ಯ ಹೇಳು, ಬಿಡ್ತೇನಿ.”

“ಐ ರನ್, ಸರ!”

“ಅದು ಕಾಣಾಕತ್ತೈತಿ. ಬ್ಯಾರೇದು ಹೇಳು.”

ಅವನಿಗೆ ಬೇರೆಯದು ಹೊಳೆಯಲಿಲ್ಲ. ಹಿಂದೆ ಸಾಲು ಬೆಳೆಯಿತು. “ನೀಲ್ಯಾ, ಲಗೂ ಹೇಳೋ, ಇಲ್ಲಾಂದ್ರ ಗಟಾರಕ್ಕ ಜಿಗಿ!” ಎಂದು ಸಾಲಿನಿಂದ ಕೂಗಿದಳು ಅದೇ ಬ್ಯಾಚಿನ ಸಂಪದಾ. ಆಮೇಲೆ ತಾನೇ, “ಮೈ ಅಂಕಲ್ ರನ್ಸ್ ಅ ಖಾನಾವಳಿ, ಸರ!” ಎಂದಳು. ಗೌತಮ ಜಾಲಿಗಿಡಕ್ಕೆ ಬೆನ್ನು ಕೊಟ್ಟು ದಾರಿ ಬಿಟ್ಟರು. ಅವಳ ಹಿಂದೆಯೇ ನುಸುಳಲು ಹೋದ ನೀಲಪ್ಪನಿಗೆ ಹೊಟ್ಟೆ ಅಡ್ಡ ಬಂತು.

“ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ನಡ್ಯಾಂಗಿಲ್ಲಪಾ.”

ಆ ದಿನ ನೀಲಪ್ಪ ಓಟ ಮುಗಿಸಿದ ಹೊತ್ತು ನೋಡಿ ಮಕಬೂಲಸಾಬರು ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

ಇಂಗ್ಲಿಷ್ ಕ್ಲಾಸಿನ ಮುಂದಿನ ಬೆಂಚಿನಲ್ಲಿ ನೀಲಪ್ಪ ಎಚ್ಚರವಾಗಿ ಕುಳಿತಿದ್ದ. “ಸರ, ನಾಳಿಗೆ ಎರಡು ವಾಕ್ಯ ಹೇಳಿಕೊಡ್ರಿ. ನಿಮ್ಮನ್ನ ಎರಡು ಸಲ ದಾಟಬೇಕಾಗತೈತಿ.”

“ಎರಡು ಎಲ್ಲಿ ಸಾಲತಾವೋ?” ಎಂದಳು ಸಂಪದಾ. “ಸರ ಓಡೂದು ನೋಡೀಯಿಲ್ಲೋ? ಐದು ಇಟ್ಕೋ.”

ವಾರ ಕಳೆಯುವುದರೊಳಗೆ ಬೆಂಚುಗಳು ತುಂಬಿದವು. ಹುಡುಗರಿಗೆ ಇಂಗ್ಲಿಷ್ ಮೇಲೆ ಪ್ರೀತಿ ಹುಟ್ಟಿತೆಂದು ಹೇಳಲಾಗದು. ಹೊಟ್ಟೆಯ ಹಿಂದೆ ಸಿಕ್ಕಿಬೀಳುವ ಭಯವಂತೂ ಹುಟ್ಟಿತ್ತು. ಮನೆಯಲ್ಲಿ ಪ್ರಭಾವತಿ ಗಂಡನಿಗೆ ಕ್ಯಾನ್ವಾಸ್ ಬೂಟು ತಂದುಕೊಟ್ಟರು. “ಸಕ್ಕರಿ ಐತಿ, ಓಡಾಡ್ರಿ ಅಂತ ಡಾಕ್ಟರ್ ಬಡ್ಕೊಂಡ್ರು, ಕೇಳಲಿಲ್ಲ. ವಿಡಿಯೊಕ್ಕ ಹೆದರಿ ಓಡಾಕತ್ತಾರ” ಎಂದು ನೆರೆಮನೆಗೂ ಕೇಳುವಂತೆ ಹೇಳಿದರು.

ತಿಂಗಳ ಕೊನೆಗೆ ವಿಜಯೀಂದ್ರ ಕ್ಲಾಸಿನ ಬಾಗಿಲಿಗೆ ಬಂದರು. ಕೂರಲು ಜಾಗ ಹುಡುಕಿದರು, ಸಿಗಲಿಲ್ಲ. ದಿಲ್ಲಿಯವನ ಮಾತು ಎತ್ತದೆ ಕೆಳಗಿಳಿದು ಹೋದರು.

ಈಗ ‘ರನ್’ ಮುಗಿದು ‘ಟೇಕ್’ ಕ್ರಿಯಾಪದದ ಪಾಠ ನಡೆದಿದೆ. ಹೊಸ ತಕರಾರು ತಂದವರು ಮಕಬೂಲಸಾಬ. ಮೊನ್ನೆ ಓಟ ಮುಗಿದ ಮೇಲೆ ಅವರು ಗೌತಮರನ್ನು ಬದಿಗೆ ಕರೆದರು.

“ಸರ, ಮೊದಲಿನ್ಹಂಗ ಸಾವಕಾಶ ಓಡ್ರಿ. ನೀಲಪ್ಪ ಇವತ್ತ ನಿಮ್ಮನ್ನ ಒಂದೇ ಸಲ ದಾಟ್ಯಾನ. ಹಿಂಗಾದ್ರ ಹುಡುಗರ ಇಂಗ್ಲಿಷ್ ಹಾಳಾಗತೈತಿ.”