ಎಲ್ಲರೂ ಸೇರಿ ಓದಿದ ಒಬ್ಬಳ ಪಾಠ

ನಮ್ಮ ಶಾಲೆಯ ಮಕ್ಕಳಿಗೆ ಒಬ್ಬೊಬ್ಬರೇ ಮಾತಾಡುವ ಅಭ್ಯಾಸವೇ ಇರಲಿಲ್ಲ. "ಅರ್ಥ ಆಯ್ತಾ?" ಅಂದರೆ ಇಡೀ ತರಗತಿ ಹೆಂಚು ಹಾರುವ ಹಾಗೆ "ಆಯ್ತೂ ಮಿಸ್" ಎಂದು ಕೂಗುತ್ತಿತ್ತು. "ಯಾರಿಗೆ ಅರ್ಥ ಆಗಿಲ್ಲ?" ಅಂದರೂ ಅಷ್ಟೇ ಉತ್ಸಾಹದಿಂದ "ಆಯ್ತೂ ಮಿಸ್". ನಂಜನಗೂಡಿನಿಂದ ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದು, ತಿ. ನರಸೀಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ನನಗೆ ಈ ಕೂಗು ಕೇಳಿದರೆ ಮೈ ಉರಿಯುತ್ತಿತ್ತು. ಅದರೊಳಗೆ ಯಾರು ಓದುತ್ತಾರೆ, ಯಾರು ಬರೀ ಬಾಯಿ ಆಡಿಸುತ್ತಾರೆ ಎಂಬುದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ಬಾಯಿ ಆಡಿಸುವವರಲ್ಲಿ ಒಬ್ಬಳು ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದಳು. ಎಂಟನೇ ತರಗತಿಯ ಗೋಡೆ ಪಕ್ಕದ ಹುಡುಗಿ. ಗುಂಪಿನಲ್ಲಿ ಅವಳ ತುಟಿ ಸೊಗಸಾಗಿ ಆಡುತ್ತಿತ್ತು. ಎಬ್ಬಿಸಿ ನಿಲ್ಲಿಸಿದರೆ ಜಡೆಯ ತುದಿ ಹಿಡಿದುಕೊಂಡು ನೆಲ ನೋಡುವಳು. ಗದರಿದೆ, ಪುಸಲಾಯಿಸಿದೆ, ಕಡಲೆಮಿಠಾಯಿಯ ಆಸೆಯನ್ನೂ ತೋರಿಸಿದೆ. ಅವಳ ಒಂಟಿ ದನಿ ಹೇಗಿದೆ ಎಂದು ಒಮ್ಮೆ ಕೇಳಬೇಕು ಅನ್ನುವುದೇ ನನಗೊಂದು ಕೊರಗಾಗಿತ್ತು.

ಶಾಲೆಗೆ ಕಂಪ್ಯೂಟರುಗಳು ಬಂದಿದ್ದವು. ಹೆಡ್‌ಮಾಸ್ಟರು ಆಯುಧಪೂಜೆಗೆ ಅವಕ್ಕೆ ಕುಂಕುಮ ಇಟ್ಟು, ಹಳೇ ಪರದೆ ಹೊದಿಸಿ, ಕೋಣೆಗೆ ಬೀಗ ಜಡಿದಿದ್ದರು. "ಮಕ್ಕಳು ಮುಟ್ಟಿದ್ರೆ ಹಾಳಾಗಲ್ವಾ ಮೇಡಂ?" ಎಂಬುದು ಅವರ ವಾದ. ಮುಟ್ಟದೇ ಇದ್ದರೂ ಹಾಳಾಗುತ್ತವೆ ಎಂದು ಜಗಳವಾಡಿ ನಾನು ಬೀಗದ ಕೈ ಕಿತ್ತುಕೊಂಡೆ. ಇಂಟರ್‌ನೆಟ್ಟಿನಲ್ಲಿ ಒಂದು ಇಂಗ್ಲಿಷ್ ಪಾಠ ಇತ್ತು. ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ, ಮಗು ಮೈಕಿನಲ್ಲಿ ಅದನ್ನು ಓದಬೇಕು. ಸರಿಯಾದರೆ ಹಸಿರು ಮುಖ ನಗುತ್ತದೆ, ತಪ್ಪಾದರೆ ಕೆಂಪು ಮುಖ ಗಂಟು ಹಾಕಿಕೊಳ್ಳುತ್ತದೆ. ಪ್ರತಿ ಮಗುವಿಗೂ ಬೇರೆ ಬೇರೆ ಖಾತೆ. ಇಲ್ಲಿ ಕೂಗಾಟ ನಡೆಯುವುದಿಲ್ಲ, ಇನ್ನು ಗೋಡೆ ಪಕ್ಕದವಳು ಬಾಯಿ ಬಿಡಲೇಬೇಕು ಎಂದು ನಾನು ಒಳಗೊಳಗೇ ಬೀಗಿದೆ.

ನಾನು ಬೇರೆ ತರಗತಿಗೆ ಪಾಠ ಮಾಡುವ ಹೊತ್ತಿನಲ್ಲಿ ಮಕ್ಕಳು ತಾವೇ ಸರದಿಯಂತೆ ಮೈಕಿನ ಮುಂದೆ ಕೂರುತ್ತಿದ್ದರು. ಹೀಗೆ ಒಂದು ತಿಂಗಳು ಕಳೆದಿರಬೇಕು. ತಾಲ್ಲೂಕು ಕೇಂದ್ರದಿಂದ ಅಧಿಕಾರಿಯೊಬ್ಬರ ಫೋನು ಬಂತು. ಈ ಪಾಠದಲ್ಲಿ ನಮ್ಮ ಶಾಲೆಯ ಒಂದು ಮಗು ಎಲ್ಲರನ್ನೂ ಮೀರಿಸಿದೆ, ನೋಡಲು ಬರುತ್ತೇನೆ ಅಂದರು. ಯಾವ ಮಗು ಎಂದು ಕೇಳಿದರೆ, ಗೋಡೆ ಪಕ್ಕದವಳು! ಒಂದೇ ಒಂದು ಕೆಂಪು ಮುಖವೂ ಇಲ್ಲವಂತೆ.

ನಾನು ತರಗತಿಯನ್ನೆಲ್ಲ ನಿಲ್ಲಿಸಿ ವಿಚಾರಣೆ ಮಾಡಿದೆ. ಮುಚ್ಚಿಡುವ ಯೋಚನೆಯೇ ಅವರಿಗಿರಲಿಲ್ಲ.

"ಪಾಪ, ಅವ್ಳಿಗೆ ಬರಾಕಿಲ್ಲ ಮಿಸ್. ಅದ್ಕೇ ಅವ್ಳ ಮೈಕ್‌ಗೆ ನಾವೇ ಓದ್ಕೊಟ್ಟೋ."

"ಅದು ತಪ್ಪಲ್ವೇನ್ರೋ?"

"ಹೊರೆ ಎತ್ಕೊಳಾಕ್ ಆಗ್ದಿದ್ರೆ ಒಂದ್ ಕೈ ಕೊಡಲ್ವಾ ಮಿಸ್?" ಮುಂದಿನ ಬೆಂಚಿನ ಜಾಣೆ ನನಗೇ ಬುದ್ಧಿ ಹೇಳಿದಳು.

ಯಾರಿಗೆ ಯಾವ ವಾಕ್ಯ ಚೆನ್ನಾಗಿ ಬರುತ್ತದೋ ಅವರು ಬಂದು ಅದನ್ನು ಓದಿಕೊಡುವುದು, ಕೆಂಪು ಮುಖ ಬರುವ ಭಯವಿದ್ದರೆ ಮೊದಲು ತಮ್ಮ ಖಾತೆಯಲ್ಲಿ ಓದಿ ನೋಡುವುದು, ಇದು ಅವರ ಏರ್ಪಾಡು. ತಮ್ಮ ತಪ್ಪುಗಳನ್ನು ತಾವಿಟ್ಟುಕೊಂಡು ಒಳ್ಳೆಯದನ್ನೆಲ್ಲ ಅವಳಿಗೆ ಸುರಿದಿದ್ದರು. ಬೈಯಬೇಕೆಂದು ಬಾಯಿ ತೆರೆದವಳು "ಕೂತ್ಕೊಳ್ಳಿ" ಅಂದುಬಿಟ್ಟೆ.

ಹೆಡ್‌ಮಾಸ್ಟರಿಗೆ ನಿಜ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. "ನಾನಾಗ್ಲೇ ಹಾರಕ್ಕೆ ಹೇಳ್ಬಿಟ್ಟಿದ್ದೀನಲ್ಲ ಮೇಡಂ! ಅವತ್ತು ಆ ಮಗೂಗೆ ಜ್ವರ ಅಂದ್ಬಿಡಣ." ಅಧಿಕಾರಿಗೆ ನಾನೇ ಎಲ್ಲ ಹೇಳುತ್ತೇನೆ ಎಂದು ಅವರ ಬಾಯಿ ಮುಚ್ಚಿಸಿದೆ. ನನ್ನ ಹೆದರಿಕೆ ಬೇರೆ ಇತ್ತು. ಎಲ್ಲರೆದುರು ನಗೆಪಾಟಲಾದರೆ ಆ ಹುಡುಗಿ ಮತ್ತೆಂದೂ ಬಾಯಿ ಬಿಡುವುದಿಲ್ಲ. ಅವಳನ್ನು ಕರೆದು, "ಇಷ್ಟ ಇಲ್ಲದಿದ್ರೆ ಅವತ್ತು ಬರಬೇಡ" ಅಂದೆ. ಜಡೆ ಹಿಡಿದುಕೊಂಡು ನಿಂತಿದ್ದಳು.

ಅಧಿಕಾರಿ ಬಂದ ದಿನ ಕನಕಾಂಬರ ಮುಡಿದುಕೊಂಡು ಎಲ್ಲರಿಗಿಂತ ಮೊದಲೇ ಬಂದಿದ್ದಳು.

ನಾನು ನಡೆದದ್ದನ್ನೆಲ್ಲ ಅಧಿಕಾರಿಗೆ ಹೇಳಿದೆ. ಅವರು ಜೋರಾಗಿ ನಕ್ಕು, "ಬಂದಿದ್ದೀನಲ್ಲ, ನೋಡೇಬಿಡೋಣ" ಅಂದರು. ಕೋಣೆ ಚಿಕ್ಕದು. ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಯಾರೂ ತುಟಿ ಪಿಟಕ್ಕೆನ್ನಬಾರದು ಎಂದು ಕಣ್ಣು ಬಿಟ್ಟೆ. ಕಿಟಕಿಯ ಸರಳುಗಳ ತುಂಬ ಮುಖಗಳು.

ಹುಡುಗಿ ಕುಳಿತಳು. ಅದೇ ಹಳೇ ಪಾಠದ ಮೊದಲ ವಾಕ್ಯ ಬಂತು. ಗಂಟಲು ಸರಿಮಾಡಿಕೊಂಡು ಓದಿದಳು. ಹಸಿರು ಮುಖ! ಎರಡನೆಯದಕ್ಕೂ ಹಸಿರು, ಮೂರನೆಯದಕ್ಕೂ ಹಸಿರು. ಒಂದನ್ನು ಮುಂದಿನ ಬೆಂಚಿನ ಜಾಣೆಯ ಹಾಗೆ ಎಳೆದು, ಇನ್ನೊಂದನ್ನು ತರಗತಿಯ ಅವಸರದ ಹುಡುಗನೊಬ್ಬನ ಹಾಗೆ ನುಂಗಿ ಹೇಳಿದಳು. ತಿಂಗಳಿಡೀ ಪಕ್ಕದಲ್ಲಿ ಕುಳಿತು ಕೇಳಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದಳು ಕಳ್ಳಿ! ದನಿ ಸ್ವಲ್ಪ ದಪ್ಪಗಿತ್ತು. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು.

ಅಧಿಕಾರಿಗೂ ಗುಟ್ಟು ಹೊಳೆಯಿತು. ಪಾಠದಲ್ಲಿಲ್ಲದ ಹೊಸ ವಾಕ್ಯವೊಂದನ್ನು ತಾವೇ ಟೈಪು ಮಾಡಿ ಅದಕ್ಕೆ ಸೇರಿಸಿದರು. ಹೊಳೆ ನಮ್ಮ ಶಾಲೆಯ ಹಿಂದೆ ಇದೆ ಎಂಬ ಅರ್ಥದ ವಾಕ್ಯ. ಹುಡುಗಿ ಪರದೆಯನ್ನೇ ನೋಡಿದಳು. ಕೈ ಜಡೆಗೆ ಹೋಯಿತು. ಮುಗಿಯಿತು ಅಂದುಕೊಂಡು ನಾನು ಬೇರೆ ಕಡೆ ತಿರುಗಿದೆ.

"ಇದ್ ನಂಗೆ ಬರಾಕಿಲ್ಲ ಸಾ. ನೀವೊಂದ್ ಸಲ ಯೋಳಿ. ಆಮೇಕೆ ನಾನ್ ಯೋಳ್ತೀನಿ."

ಹೆಡ್‌ಮಾಸ್ಟರು ಬೆಚ್ಚಿದರು. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಅಧಿಕಾರಿ ನಿಧಾನವಾಗಿ ವಾಕ್ಯ ಓದಿದರು. ಓದಿ ಮುಗಿಸಿದ್ದೇ ತಡ, ಕಿಟಕಿಯಿಂದ ಇಡೀ ತರಗತಿ ಅದನ್ನು ಒಟ್ಟಿಗೇ ಕೂಗಿಬಿಟ್ಟಿತು.

ಹುಡುಗಿ ದಡಕ್ಕನೆ ಎದ್ದು ಕಿಟಕಿಯತ್ತ ತಿರುಗಿದಳು.

"ಬಾಯ್ ಮುಚ್ರೋ! ಇದ್ ನನ್ ಸರದಿ ಕಣ್ರೋ!"

ಕಿಟಕಿ ತೆಪ್ಪಗಾಯಿತು. ಅವಳು ಕುಳಿತು, ಮೈಕು ಹತ್ತಿರ ಎಳೆದುಕೊಂಡು, ಒಂದೊಂದೇ ಪದ ತಡವರಿಸುತ್ತ ಓದಿದಳು. ಕೆಂಪು ಮುಖ ಬಂತು. ಅದನ್ನು ನೋಡಿ ನನಗೆ ಕಣ್ಣು ತುಂಬಿತು. ಆ ತಪ್ಪು ಪೂರ್ತಿ ಅವಳದೇ ಆಗಿತ್ತು.