ಕಂಪನಿಯವರು ಕೇಳಿದರೆ

ವಿದ್ಯಾನಗರದ ನಮ್ಮ ಲಗ್ನಪತ್ರಿಕೆ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರು ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುವರು. ಏನು ಕೇಳಿದರೂ ಒಂದೇ ಮಾತು: "ಅದು ಕಂಪನಿಯವ್ರು ಇಟ್ಟಿದ್ದೈತ್ರಿ, ಮುಟ್ಟಬ್ಯಾಡ್ರಿ."

ನಮ್ಮ ಡಿಸೈನ್ ಸಾಫ್ಟ್‌ವೇರ್ ತಾನು ಮಾಡಿದ ಪ್ರತಿಯೊಂದು ಸಣ್ಣ ಕೆಲಸವನ್ನೂ ಒಂದು ಲಾಗ್ ಫೈಲಿನಲ್ಲಿ ಬರೆದಿಡುತ್ತಿತ್ತು. ದೋಷ ಹುಡುಕುವ ಎಂಜಿನಿಯರುಗಳಿಗೆ ಬೇಕಾದ ಆ ವ್ಯವಸ್ಥೆ ನಮ್ಮ ಅಂಗಡಿಗೂ ಆನ್ ಆಗಿಯೇ ಬಂದಿತ್ತು. ಯಾರೂ ಓದದ ಆ ಫೈಲು ಬೆಳೆದು ಬೆಳೆದು, ಲಗ್ನದ ಸೀಸನ್ನಿನಲ್ಲೇ ಡಿಸ್ಕ್ ತುಂಬಿ ಕಂಪ್ಯೂಟರ್ ನಿಂತಿತು. ಅವರು ಬಂದು ಜಾಗ ಮಾಡಿಕೊಟ್ಟರು. ಲಾಗ್ ಹಾಗೇ ಇತ್ತು; ಹೋದದ್ದು ಗಿರಾಕಿಗಳು ಒಪ್ಪಿದ್ದ ಪತ್ರಿಕೆಗಳು.

"ನಮ್ಮ ಪತ್ರಿಕಿ ಯಾಕ ಡಿಲೀಟ್ ಮಾಡಿದ್ರಿ?" ಎಂದು ಕೂಗಿದೆ.

"ಅವು ನೀವು ಮಾಡಿದ್ದು, ಮತ್ತ ಮಾಡ್ತೀರಿ. ಇದು ಕಂಪನಿಯವ್ರದು. ನಾಳಿ ಅವ್ರು ಕೇಳಿದ್ರ ಏನ್ ತೋರಸೂದು?"

ಯಾವ ಕಂಪನಿ ಯಾರನ್ನು ಕೇಳುತ್ತದೆ! ಸಿಟ್ಟಿನಲ್ಲಿ ಸೆಟ್ಟಿಂಗ್ಸ್ ಹುಡುಕಿ ಲಾಗ್ ನಾನೇ ಬಂದ್ ಮಾಡಿದೆ.

ಮುಂದಿನ ಸಲ ಬಂದವರು ಪರದೆ ನೋಡಿ ಹೌಹಾರಿದರು. ನಾನು ಚಹಾ ತರುವಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ನಕ್ಕರು:

"ಯಾರೋ ಬಂದ್ ಮಾಡಿಬಿಟ್ಟಿದ್ರು ನೋಡ್ರಿ. ಚಿಂತಿ ಮಾಡಬ್ಯಾಡ್ರಿ, ಚಾಲೂ ಮಾಡೇನಿ."